ಆರ್ಡರ್ ಕೈಯಾಗ ಬರೋತನಕ

ವಾರದ ನಡುವೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬೆಂಗಳೂರಿನಿಂದ ಬಂದ ಹುಡುಗನೊಬ್ಬ ರೋಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, ಚಾದಂಗಡಿಯ ಮುಂದೆ ಕುಳಿತವರ ಕಣ್ಣು ಮೊದಲು ಅವನ ಲಗೇಜಿನ ಮೇಲೆ ಹೋಗುತ್ತದೆ. ಹೆಗಲಲ್ಲಿ ಸಣ್ಣ ಬ್ಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಏನೋ ಕಾರ್ಯವಿದೆ, ಬಂದಿದ್ದಾನೆ. ದೊಡ್ಡ ಸೂಟ್‌ಕೇಸು, ಸುತ್ತಿ ಕಟ್ಟಿದ ಹಾಸಿಗೆ, ಅದರ ಮೇಲೊಂದು ಬಕೆಟ್ಟು ಕಂಡರೆ ಮಾತು ಶುರುವಾಗುತ್ತದೆ.

“ಯಾಕೋ ತಮ್ಮಾ, ರಜಾ ಮ್ಯಾಲೆ ಬಂದೀಯೇನು?”

“ಇಲ್ಲ ಕಾಕಾ, ಕೆಲಸಾ ಬಿಟ್ಟ ಬಂದೇನಿ.”

“ಹೌದಾ? ಮತ್ತ ಬ್ಯಾರೆ ಕಡೆ ಆರ್ಡರ್ ಬಂದೇತೇನು?”

“ಇನ್ನೂ ಇಲ್ರಿ. ನೋಡಬೇಕು.”

ಮುಂದೆ ಕಾಕಾ ಏನೂ ಕೇಳುವುದಿಲ್ಲ. ಹುಡುಗನಿಗೊಂದು ಚಾ ಹೇಳುತ್ತಾರೆ.

ಆ ಎರಡನೆಯ ಪ್ರಶ್ನೆ ಈಗಿನ ಹುಡುಗರಿಗೆ ಸಿಟ್ಟು ತರಿಸುತ್ತದೆ. ಮಂದಿ ಉಸಾಬರಿ ಇವರಿಗ್ಯಾಕ ಎನ್ನುತ್ತಾರೆ. ನಾನು ಮಾತ್ರ ಕಾಕಾನ ಪಕ್ಷದವನು. ಇನ್ನೊಂದು ಕಡೆಯ ಆರ್ಡರ್ ಕೈಗೆ ಬರುವ ತನಕ ಇದ್ದ ಕೆಲಸಕ್ಕೆ ರಾಜೀನಾಮೆ ಕೊಡಬಾರದು ಎಂದು ನಂಬಿದವನು. ಇದನ್ನು ಹೆದರಿಕೆಯ ಮಾತು ಎನ್ನುವವರಿದ್ದಾರೆ. ರೋಣ, ನರಗುಂದ, ಗಜೇಂದ್ರಗಡದ ಎರಿ ನೆಲದ ಮೇಲೆ ಒಂದು ವರ್ಷ ಸಂಸಾರ ಮಾಡಿ ನೋಡಿದವರು ಹಾಗೆನ್ನಲಾರರು.

ನಮ್ಮದು ಮುಗಿಲು ನೋಡಿ ಬಿತ್ತುವ ಸೀಮೆ. ಮುಂಗಾರಿಗೆ ಹೆಸರು ಬಂದರೆ ಬಂತು; ಹಿಂಗಾರಿಗೆ ಜೋಳ, ಕಡ್ಲಿ, ಗೋಧಿ ಕೈ ಹಿಡಿದರೆ ಹಿಡಿದವು. ಉಳ್ಳಾಗಡ್ಡಿ ಚಲೋ ಬೆಳೆದ ವರ್ಷ ರೇಟು ಬೀಳುತ್ತದೆ, ರೇಟು ಇದ್ದ ವರ್ಷ ಗಡ್ಡಿ ಕೊಳೆಯುತ್ತದೆ. ಇಂಥ ಮನೆಯಲ್ಲಿ ತಿಂಗಳ ಮೊದಲ ವಾರಕ್ಕೆ ತಪ್ಪದೆ ಬರುವುದೆಂದರೆ ಮಗನ ಪಗಾರ ಒಂದೇ. ಅದು ಅವನೊಬ್ಬನ ಪಗಾರವಾಗಿ ಉಳಿದಿರುವುದಿಲ್ಲ. ಸೊಸೈಟಿ ಸಾಲದ ಕಂತು, ತಂಗಿಯ ಕಾಲೇಜು ಫೀ, ಅಪ್ಪನ ಬಿಪಿ ಗುಳಿಗೆ, ಅಣ್ಣ ಕೊರೆಸಿದ ಬೋರಿನ ಬಾಕಿ, ಎಲ್ಲವೂ ಆ ರೊಕ್ಕಕ್ಕೆ ಜೋತು ಬಿದ್ದಿರುತ್ತವೆ. ರಾಜೀನಾಮೆಗೆ ಸಹಿ ಹಾಕುವವನು ಒಬ್ಬ. ಅದರ ಬಿಸಿ ತಟ್ಟುವುದು ಐದಾರು ಮಂದಿಗೆ.

ಕೈಗೆ ಬರುವ ತನಕ ಯಾವುದನ್ನೂ ನಂಬಬಾರದು ಎಂದು ನರಗುಂದದವರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹರಿಯದಿದ್ದ ಹೊಲಗಳಿಗೂ ಕರದ ನೋಟಿಸು ಬಂದಾಗ ಅಲ್ಲಿಯ ರೈತರು ಎದ್ದು ನಿಂತರು. 1980ರ ಜುಲೈ 21ರಂದು ಗೋಲಿಬಾರ್ ಆಯಿತು, ಜೀವಗಳು ಹೋದವು. ಇಂದಿಗೂ ಆ ದಿನ ಅಲ್ಲಿ ರೈತ ಹುತಾತ್ಮರ ದಿನ. 2015ರಲ್ಲಿ ಮತ್ತೆ ಅದೇ ಊರಲ್ಲಿ ಮಹದಾಯಿ ನದಿಯ ನೀರಿಗಾಗಿ ಪೆಂಡಾಲು ಎದ್ದಿತು, ಧರಣಿ ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು, 2020ರ ಫೆಬ್ರುವರಿಯಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು. ಊರಲ್ಲಿ ಸಿಹಿ ಹಂಚಿದರು. ಮುಂದೆ ಅರಣ್ಯ ಇಲಾಖೆಯ ಅನುಮತಿ, ವನ್ಯಜೀವಿ ಮಂಡಳಿ, ಗೋವಾದ ತಕರಾರು. ತೀರ್ಪು ಬಂದು ವರ್ಷಗಳು ಉರುಳಿದರೂ ಹೊಲದ ಬದುವಿನಲ್ಲಿ ನಿಂತವನಿಗೆ ಆ ನೀರು ಕಂಡಿಲ್ಲ. ಕಾಗದಕ್ಕೂ ಕಾಲುವೆಗೂ ನಡುವಿನ ದಾರಿ ಎಷ್ಟು ಉದ್ದ ಎಂಬುದನ್ನು ಇಷ್ಟು ಕಣ್ಣಾರೆ ಕಂಡ ಇನ್ನೊಂದು ಊರು ನನಗೆ ಗೊತ್ತಿಲ್ಲ. ಆ ಊರಿನ ತಾಯಿ ಮಗನಿಗೆ, “ಬರೇ ಫೋನಿನ್ಯಾಗ ಹೇಳ್ಯಾರೋ, ಕಾಗದಾ ಕೊಟ್ಟಾರೋ?” ಎಂದು ಕೇಳಿದರೆ ಆಕೆಗೆ ಲೋಕಜ್ಞಾನ ಕಡಿಮೆ ಎನ್ನಬೇಡಿ.

ಇನ್ನೊಂದು ಕಡೆ ಗೊತ್ತಾದ ಮೇಲೆಯೇ ಇದ್ದದ್ದನ್ನು ಬಿಡುವುದು ನಮ್ಮಲ್ಲಿ ಹಳೆಯ ರೂಢಿ. ನಮ್ಮ ಕಡೆ ಹೊಲಮನೆಯ ಸಂಬಳದಾಳುಗಳ ವರ್ಷ ಯುಗಾದಿಯಿಂದ ಯುಗಾದಿಗೆ. ವರ್ಷಕ್ಕೆ ಇಷ್ಟು ಜೋಳ, ಇಷ್ಟು ರೊಕ್ಕ, ಒಂದು ಜೋಡಿ ಧೋತರ, ಕಂಬಳಿ, ಕಾಲ್ಮರಿ ಎಂದು ಮಾತಾಗುತ್ತಿತ್ತು. ಲಾವಣಿಗೆ, ಕೋರಿಗೆ ಹೊಲ ಹಿಡಿಯುವುದೂ ಅದೇ ಪಾಡ್ಯದ ಲೆಕ್ಕ. ಇರುವ ಮನೆ ಸರಿಬೀಳದ ಆಳು ಸಿಟ್ಟು ಬಂದ ದಿನವೇ ಬಾರುಕೋಲು ಬಿಸಾಕಿ ಹೋಗುತ್ತಿರಲಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೇ ಸಂತೆಯಲ್ಲೋ ಗುಡಿಯ ಕಟ್ಟೆಯಲ್ಲೋ ಇನ್ನೊಬ್ಬ ಗೌಡರ ಕಿವಿಗೆ ಮಾತು ಹಾಕಿರುತ್ತಿದ್ದ. “ಬರೋ ಪಾಡ್ಯಾಕ ನಿಮ್ಮಲ್ಲಿ ಬರ್ತೀನ್ರಿ.” ಅವರು ಹೂಂ ಎಂದು ನಾಲ್ಕು ಮಂದಿಯ ಮುಂದೆ ಎಲೆ ಅಡಿಕೆ ಕೊಟ್ಟ ಮೇಲೆ ಹಳೆಯ ಒಡೆಯನಿಗೆ ಹೇಳುತ್ತಿದ್ದ. ಹಳೆಯ ಮನೆಯಲ್ಲಿ ಮುಂಗಡದ ಬಾಕಿ ಉಳಿದಿದ್ದರೆ ಹೊಸ ಒಡೆಯ ಅದನ್ನು ತೀರಿಸಿ ಆಳನ್ನು ಕರೆದುಕೊಂಡು ಹೋಗುತ್ತಿದ್ದ.

ಈಗ ಬೆಂಗಳೂರಿನ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಬೈಔಟ್ ಎನ್ನುತ್ತಾರಲ್ಲ, ಉಳಿದ ದಿನಗಳ ಪಗಾರವನ್ನು ಹೊಸ ಕಂಪನಿ ತುಂಬಿ ಹುಡುಗನನ್ನು ಬೇಗ ಬಿಡಿಸಿಕೊಳ್ಳುವುದು, ಅದು ನಮ್ಮ ಹೊಲಮನೆಗಳಲ್ಲಿ ಅಜ್ಜಂದಿರ ಕಾಲಕ್ಕೇ ಇತ್ತು. ಆದರೆ ಆ ಬಾಕಿಯ ಮತ್ತೊಂದು ಮುಖವನ್ನು ಮರೆಯುವಂತಿಲ್ಲ. ಕೆಲವರ ಬಾಕಿ ತೀರುತ್ತಲೇ ಇರಲಿಲ್ಲ. ಮದುವೆಗೆಂದು ತೆಗೆದುಕೊಂಡ ಸಾಲಕ್ಕೆ ಅಪ್ಪನೂ ದುಡಿದು, ಅವನ ಮಗನೂ ಅದೇ ಕೊಟ್ಟಿಗೆಯಲ್ಲಿ ದುಡಿದ ಮನೆಗಳಿದ್ದವು. 1976ರಲ್ಲಿ ಜೀತ ನಿರ್ಮೂಲನಾ ಕಾಯ್ದೆ ಬಂದದ್ದು ಅಂಥವರಿಗಾಗಿ. ಬಿಟ್ಟು ಹೋಗುವ ಹಕ್ಕಿಗಾಗಿ ಈ ನೆಲದಲ್ಲಿ ಜನ ಎಷ್ಟು ಕಾದಿದ್ದಾರೆ ಎಂಬುದು ಗೊತ್ತಿದ್ದರೆ, ರಾಜೀನಾಮೆಯ ಒಂದು ಹಾಳೆ ಎಷ್ಟು ದೊಡ್ಡ ಸ್ವತ್ತು ಎಂಬುದೂ ಗೊತ್ತಾಗುತ್ತದೆ. ಅದನ್ನು ಸಿಟ್ಟಿನ ಒಂದು ಸಂಜೆಗೆ ಖರ್ಚು ಮಾಡಬಾರದು ಎಂದು ನಾನು ಹೇಳುವುದು ಅದಕ್ಕೇ.

ಯುಗಾದಿ ಎಂದಾಗ ಗಜೇಂದ್ರಗಡದ ಕಾಲಕಾಲೇಶ್ವರನನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. ಗುಡ್ಡದ ಬಂಡೆಗೆ ಆತುಕೊಂಡ ಗುಡಿ, ಮೆಟ್ಟಿಲು ಹತ್ತಿ ಹೋದರೆ ಸದಾ ಜಿನುಗುವ ಅಂತರಗಂಗೆ. ಯುಗಾದಿಯ ಹಿಂದಿನ ರಾತ್ರಿ ಅಲ್ಲಿ ಸುಣ್ಣ, ಹುಕ್ಕಾ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗುಡಿಗೆ ಸುಣ್ಣ ಬಳಿದಿರುತ್ತದೆ, ಹುಕ್ಕಾ ಸೇದಿರುತ್ತದೆ ಎಂಬುದು ಜನರ ನಂಬಿಕೆ. ಬರುವ ವರ್ಷದ ಮಳೆ ಬೆಳೆಯ ಸೂಚನೆಯನ್ನೂ ಅಲ್ಲಿ ಕೇಳುತ್ತಾರೆ. ಯಾರೂ ಕಾಣದ ಆ ಕೆಲಸಗಾರ ವರ್ಷಕ್ಕೊಂದು ರಾತ್ರಿ ಬಂದು ಕೆಲಸ ಮುಗಿಸಿ, ತನ್ನ ಪಾಲಿನ ಹುಕ್ಕಾ ಸೇದಿ ಹೋಗುತ್ತಾನೆ ಎಂಬ ಕಲ್ಪನೆ ನನಗೆ ಬಹಳ ಪ್ರಿಯ. ದುಡಿದವನಿಗೆ ಅವನ ಪಾಲು ಮೊದಲೇ ಎತ್ತಿಟ್ಟಿರುವ ಊರು ಅದು.

ಅದೇ ಗಜೇಂದ್ರಗಡದ ನೇಕಾರರ ಓಣಿಗೆ ಬನ್ನಿ. ಪಟ್ಟೇದಂಚಿನ ಸೀರೆ ನೇಯ್ದ ಊರು. ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಸಾವಕಾರನ ಹತ್ತಿರ ನೇಕಾರನಿಗೆ ಮುಂಗಡ ಇದ್ದೇ ಇರುತ್ತದೆ. ಸಾವಕಾರ ಬದಲಾಗಬೇಕಾದರೆ ಅದರ ಲೆಕ್ಕ ಮೊದಲು ಮುಗಿಯಬೇಕು. ಮಗ್ಗ ಖಾಲಿ ಬಿದ್ದರೆ ಮನೆಯೇ ಖಾಲಿ. ಇನ್ನು ಬರ ಬಿದ್ದ ವರ್ಷ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವವರನ್ನು ನೋಡಿ. ಅವರಿಗೆ ಆಫರ್ ಲೆಟರ್ ಕೊಡುವವರು ಯಾರೂ ಇಲ್ಲ. ಆದರೂ ಮೇಸ್ತ್ರಿಯ ಜೊತೆ ಮಾತಾಗದೆ, ಕೈಗೆ ಮುಂಗಡ ಬೀಳದೆ ಅವರು ಮನೆಗೆ ಬೀಗ ಹಾಕುವುದಿಲ್ಲ. ಆ ಮುಂಗಡದಲ್ಲೇ ಮುದುಕರಿಗೆ ಕಾಳು ತುಂಬಿಸಿಟ್ಟು ಬಸ್ಸು ಹತ್ತುತ್ತಾರೆ. ಮಣ್ಣು ಹೊರುವವರು ಪಾಲಿಸುವ ಶಿಸ್ತನ್ನು ಡಿಗ್ರಿ ಪಡೆದವರು ಪಾಲಿಸಲು ಯಾಕೆ ನಾಚಬೇಕು?

ಈಗ ರೋಣದವರು ನನ್ನನ್ನು ತಡೆದು ನಿಲ್ಲಿಸಿ ಕೇಳುವ ಪ್ರಶ್ನೆಯೊಂದಿದೆ. “ಹಂಗಾರ ಭೀಮಸೇನ ಜೋಶಿಯವರು ಆರ್ಡರ್ ಇಸ್ಕೊಂಡ ಹೋಗಿದ್ರೇನ್ರಿ?” 1922ರ ಫೆಬ್ರುವರಿ 4ರಂದು ಇದೇ ರೋಣದಲ್ಲಿ ಹುಟ್ಟಿದ ಹುಡುಗ, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಸಂಗೀತದ ಗುರುವನ್ನು ಹುಡುಕುತ್ತ ಮನೆ ಬಿಟ್ಟದ್ದು ಊರಿಗೆಲ್ಲ ಗೊತ್ತು. ರೈಲಿನಲ್ಲಿ ಟಿಕೆಟ್ಟಿಲ್ಲ, ಹೋದ ಕಡೆ ಗುರುತಿನವರಿಲ್ಲ. ಹಾಡಿ ಹೊಟ್ಟೆ ತುಂಬಿಸಿಕೊಂಡು ಗ್ವಾಲಿಯರ್ ಕಂಡ, ಜಲಂಧರ ಕಂಡ. ಅಲ್ಲಿ ವಿನಾಯಕಬುವಾ ಪಟವರ್ಧನರು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ಅವರಲ್ಲಿ ಕಲಿ ಎಂದರಂತೆ. ತಂದೆ ಗುರುರಾಜ ಜೋಶಿಯವರು ಜಲಂಧರದ ತನಕ ಹೋಗಿ ಮಗನನ್ನು ಕರೆತಂದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ಶಿಕ್ಷಣ ಶುರುವಾಯಿತು, ನೀರು ಹೊರುವುದರೊಂದಿಗೆ.

ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದರೂ ನನ್ನ ಗಮನ ಹೋಗುವುದು ತಂದೆಯ ಕಡೆಗೆ. ಗುರುರಾಜರು ಸಾಲಿ ಮಾಸ್ತರು. ಮಗ ದೇಶ ಸುತ್ತುವಾಗ ಮನೆಯ ಒಲೆ ಉರಿಸಿದ್ದು ಆ ಮಾಸ್ತರಿಕೆಯ ಪಗಾರ. ದಾರಿ ತಪ್ಪಿದರೆ ಬಂದು ಕರೆದೊಯ್ಯುವವರು ಇದ್ದರು. ಹನ್ನೊಂದರ ಹುಡುಗನ ಹೆಸರಲ್ಲಿ ಸೊಸೈಟಿ ಸಾಲವೂ ಇರಲಿಲ್ಲ. 1981ರಲ್ಲಿ ನಾರಾಯಣ ಮೂರ್ತಿಯವರು ಇನ್ಫೋಸಿಸ್ ಕಟ್ಟಲು ಹೊರಟಾಗಲೂ ಹಾಗೆಯೇ. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದ ಅವರ ಪತ್ನಿ ಸುಧಾ ಮೂರ್ತಿಯವರು ತಮ್ಮ ಉಳಿತಾಯದ 10,000 ರೂಪಾಯಿ ಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಅದರಷ್ಟೇ ದೊಡ್ಡದು, ಅವರು ಪುಣೆಯಲ್ಲಿ ನೌಕರಿ ಮಾಡುತ್ತ ಸಂಸಾರ ನಡೆಸಿದ್ದು. ಧೈರ್ಯದ ಕಥೆ ಕೇಳಿದಾಗಲೆಲ್ಲ ಆ ಮನೆಯಲ್ಲಿ ಆ ವರ್ಷ ಯಾರ ಪಗಾರ ಬರುತ್ತಿತ್ತು ಎಂದು ಕೇಳುವ ರೂಢಿ ಒಳ್ಳೆಯದು. ನಿಮ್ಮ ಮನೆಯಲ್ಲೂ ಅಂಥದೊಂದು ಪಗಾರವಿದ್ದು, ಅದನ್ನು ತರುವವರು ಮನಸಾರೆ ಒಪ್ಪಿದ್ದರೆ, ನನ್ನ ತಕರಾರಿಲ್ಲ.

ತಕರಾರೇ ಇಲ್ಲದ ರಾಜೀನಾಮೆ ಇನ್ನೊಂದಿದೆ. ರೋಣ ಸೀಮೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಮುಂಬಯಿ ವಿಧಾನಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ತಮ್ಮ ಊರಲ್ಲೇ ಉಪವಾಸಕ್ಕೆ ಕುಳಿತರು. ಮುಂದಿನ ಸ್ಥಾನ ಯಾವುದು ಎಂದು ಅವರು ಯಾರನ್ನೂ ಕೇಳಲಿಲ್ಲ. ಮೂರು ವರ್ಷಕ್ಕೆ, 1956ರ ನವೆಂಬರ್ 1ರಂದು, ಕೇಳಿದ್ದು ಸಿಕ್ಕಿತು. ಅವರ ಮನೆಯಲ್ಲಿರುವ ಭುವನೇಶ್ವರಿಯ ಚಿತ್ರಕ್ಕೆ ಇಂದಿಗೂ ಪೂಜೆ ಸಲ್ಲುತ್ತದೆ. ನಾಡಿಗಾಗಿ ಬಿಡುವುದು ಬೇರೆ, ಮ್ಯಾನೇಜರನ ಮೇಲಿನ ಸಿಟ್ಟಿಗಾಗಿ ಬಿಡುವುದು ಬೇರೆ.

ಆರ್ಡರ್ ಎಂಬ ಮಾತಿಗೆ ಮತ್ತೆ ಬರೋಣ. ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ನಮ್ಮ ಮೂರೂ ತಾಲೂಕುಗಳ ಹುಡುಗರು ಎಷ್ಟು ಮಂದಿಯೋ. ಖಾಸಗಿ ಕೆಲಸ ಬಿಟ್ಟು ಪಿಎಸ್‌ಐಗೋ, ಪಿಡಿಒಗೋ, ಕೆಎಎಸ್‌ಗೋ ಓದಲು ಕುಳಿತವರು. ಅವರಿಗೆ ಪರೀಕ್ಷೆ ಪಾಸಾಗುವುದು, ಪಟ್ಟಿಯಲ್ಲಿ ಹೆಸರು ಬರುವುದು, ಆರ್ಡರ್ ಕೈ ಸೇರುವುದು, ಈ ಮೂರೂ ಬೇರೆ ಬೇರೆ ಎಂದು ಕಲಿಸಿದ್ದು ಸರ್ಕಾರವೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆಯಾಯಿತು. 2022ರ ಜನವರಿಯಲ್ಲಿ ತಾತ್ಕಾಲಿಕ ಪಟ್ಟಿ ಬಂತು, ಊರೂರಲ್ಲಿ ಸತ್ಕಾರವಾಯಿತು, ಶಾಲು ಹೊದಿಸಿದರು. ಅಕ್ರಮ ಬಯಲಾಗಿ ಏಪ್ರಿಲ್ 29ರಂದು ಇಡೀ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವಿನ ಎರಡು ವರ್ಷ ಪ್ರಾಮಾಣಿಕವಾಗಿ ಓದಿ ಪಟ್ಟಿಯಲ್ಲಿ ಬಂದವನ ಮನೆಯಲ್ಲಿ ಹೇಗೆ ಕಳೆದಿರಬಹುದು? ಅದಕ್ಕೂ ಹಿಂದೆ, 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಯನ್ನು ಸರ್ಕಾರ 2014ರ ಆಗಸ್ಟಿನಲ್ಲಿ ಹಿಂತೆಗೆದುಕೊಂಡಿತ್ತು. ನ್ಯಾಯಮಂಡಳಿ, ಹೈಕೋರ್ಟು ಎಂದು ಅಲೆದು, ಕೊನೆಗೆ 2022ರಲ್ಲಿ ಅದಕ್ಕಾಗಿಯೇ ಒಂದು ಕಾಯ್ದೆ ತರಬೇಕಾಯಿತು. ಪಟ್ಟಿ ನೋಡಿ ಇದ್ದ ಕೆಲಸ ಬಿಟ್ಟವನು ಎಂಟು ವರ್ಷ ಏನು ತಿನ್ನಬೇಕು? ಅದಕ್ಕೇ ನನ್ನ ಮಾತಿನಲ್ಲಿ ಆರ್ಡರ್ ಎಂದರೆ ಸಹಿ, ಮೊಹರು, ಹಾಜರಾಗುವ ದಿನಾಂಕ ಇರುವ ಹಾಳೆ. ಅದಕ್ಕಿಂತ ಒಂದು ಅಕ್ಷರ ಕಡಿಮೆಯೂ ಅಲ್ಲ. 2022ರ ಕೊನೆಯ ಹೊತ್ತಿಗೆ ದೊಡ್ಡ ಐಟಿ ಕಂಪನಿಗಳೇ ಕೊಟ್ಟ ಆಫರ್ ಲೆಟರುಗಳನ್ನು ಹಿಂತೆಗೆದುಕೊಂಡ, ಸೇರುವ ದಿನವನ್ನು ಮುಂದೂಡುತ್ತಲೇ ಹೋದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಆಫರ್ ಲೆಟರಿನಲ್ಲಿ ಸೇರುವ ತಾರೀಕಿಲ್ಲದಿದ್ದರೆ ಅದನ್ನು ಕೇಳಿ ಬರೆಸಿಕೊಂಡೇ ರಾಜೀನಾಮೆಯ ಇಮೇಲ್ ಕಳಿಸಬೇಕು.

ಸರ್ಕಾರಿ ಕೆಲಸದಲ್ಲಿರುವವರು ಇನ್ನೂ ಒಂದು ಹೆಜ್ಜೆ ಹಿಂದಿನಿಂದ ಎಚ್ಚರ ವಹಿಸಬೇಕು. ಕಾನ್ಸ್‌ಟೇಬಲ್ ಇದ್ದವನು ಪಿಡಿಒಗೆ ಅರ್ಜಿ ಹಾಕುವಾಗಲೇ ಇಲಾಖೆಯಿಂದ ಎನ್‌ಒಸಿ ಪಡೆಯಬೇಕು. ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗಲು ಕೊಟ್ಟ ರಾಜೀನಾಮೆಯಿಂದ ಹಿಂದಿನ ಸೇವೆ ಮಣ್ಣುಪಾಲಾಗುವುದಿಲ್ಲ; ಹೇಳದೆ ಕೇಳದೆ ಬಿಟ್ಟು ಹೋದರೆ ಅಷ್ಟೂ ವರ್ಷ ಲೆಕ್ಕದಿಂದ ಹೋಗುತ್ತದೆ. ಇದನ್ನು ಸೇರುವ ದಿನವೇ ಹೇಳಿಕೊಡುವ ಕಚೇರಿ ಅಪರೂಪ.

ನನ್ನ ಹೆಚ್ಚಿನ ಕಳವಳ ನಮ್ಮ ಊರುಗಳ ಖಾಸಗಿ ಸಾಲಿಯ ಟೀಚರುಗಳ ಬಗ್ಗೆ. ಬಿಎಡ್ ಮುಗಿಸಿದ ಹೆಣ್ಣುಮಕ್ಕಳೇ ಅಲ್ಲಿ ಹೆಚ್ಚು. ನರೇಗಲ್ಲಿನಿಂದ ಗಜೇಂದ್ರಗಡಕ್ಕೆ, ಹೊಳೆಆಲೂರಿನಿಂದ ರೋಣಕ್ಕೆ, ಕೊಣ್ಣೂರಿನಿಂದ ನರಗುಂದಕ್ಕೆ ದಿನಾ ಬಸ್ಸು ಹಿಡಿದು ಬರುತ್ತಾರೆ. ಎಷ್ಟೋ ಕಡೆ ಸೇರುವಾಗ ಮೂಲ ಅಂಕಪಟ್ಟಿಗಳನ್ನು ಇಸಿದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ; ವರ್ಷದ ನಡುವೆ ಬಿಟ್ಟರೆ ಕೊಡುವುದಿಲ್ಲ ಎನ್ನುತ್ತಾರೆ. ಇದು ಹಳೆಯ ಮುಂಗಡದ ಬಾಕಿಯೇ ಹೊಸ ರೂಪದಲ್ಲಿ ಬಂದದ್ದು, ನನಗೆ ಇದರ ಮೇಲೆ ಬಹಳ ಸಿಟ್ಟಿದೆ. ಜೆರಾಕ್ಸ್ ಕೊಟ್ಟು ಮೂಲವನ್ನು ತೋರಿಸಿ ವಾಪಸು ತನ್ನಿರಿ ಎಂದು ಸೇರುವ ಮುಂಚೆಯೇ ಮನೆಯವರು ಹೇಳಿ ಕಳಿಸಬೇಕು. ಈಗಾಗಲೇ ಕೊಟ್ಟಿದ್ದರೆ, ಹೊಸ ಕಡೆ ಮಾತಾಗುವ ಮೊದಲೇ ಯಾವುದಾದರೂ ಅರ್ಜಿಯ ನೆಪದಿಂದ ಅವನ್ನು ಬಿಡಿಸಿಕೊಳ್ಳಬೇಕು.

ಈ ಟೀಚರುಗಳಿಗೆ ಬಿಡುವ ಕಾಲವನ್ನು ಸಾಲಿಯ ಕ್ಯಾಲೆಂಡರೇ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಸ ನೇಮಕ, ಜೂನಿಗೆ ಸಾಲಿ ಶುರು. ಅಂದರೆ ಹುಡುಕಾಟ ಯುಗಾದಿಯ ಹೊತ್ತಿಗೇ ನಡೆಯಬೇಕು. ಅದರ ಜೊತೆ ಗ್ರ್ಯಾಚುಯಿಟಿಯ ಲೆಕ್ಕವನ್ನೂ ನೋಡಿಕೊಳ್ಳಬೇಕು. 1972ರ ಕಾಯ್ದೆ ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತಿತ್ತು. ಶಿಕ್ಷಕರಿಗೂ ಅದು ಸಲ್ಲಬೇಕೆಂದು 2009ರಲ್ಲಿ ತಿದ್ದುಪಡಿಯಾಗಿ, 1997ರ ಏಪ್ರಿಲ್ 3ರಿಂದಲೇ ಜಾರಿ ಎಂದಾಯಿತು. ಖಾಸಗಿ ಶಾಲೆಗಳು ಪ್ರಶ್ನಿಸಿದಾಗ 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಐದು ವರ್ಷ ಸತತ ಸೇವೆ ಮುಗಿಸಿದರೇ ಗ್ರ್ಯಾಚುಯಿಟಿ ಎಂಬ ನಿಯಮ ಹೊಸ ಕಾರ್ಮಿಕ ಸಂಹಿತೆಯಲ್ಲೂ ಕಾಯಂ ನೌಕರರಿಗೆ ಹಾಗೇ ಇದೆ. ಕೊನೆಯ ತಿಂಗಳ ಪಗಾರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ತಿಂಗಳಿಗೆ 12,000 ಪಡೆಯುವ ಟೀಚರಿಗೆ ಐದು ವರ್ಷಕ್ಕೆ ಸುಮಾರು 34,600 ರೂಪಾಯಿ. ನಾಲ್ಕೂವರೆ ವರ್ಷಕ್ಕೆ ಸಿಟ್ಟು ಮಾಡಿಕೊಂಡು ಬಿಟ್ಟವಳಿಗೆ ಅದು ಹೋಯಿತು. ಅಷ್ಟು ರೊಕ್ಕಕ್ಕೆ ನಮ್ಮಲ್ಲಿ ಒಂದು ಮನೆಯ ವರ್ಷದ ಜೋಳ, ಬ್ಯಾಳಿ, ಎಣ್ಣೆ ಬರುತ್ತದೆ.

ಹಾಗಾದರೆ ಅವಮಾನ ಸಹಿಸಿಕೊಂಡು ಇರಬೇಕೇ ಎಂದು ಕೇಳಿದರೆ, ಇಲ್ಲ. ಮೈಮೇಲೆ ಕೈ ಮಾಡುವವರು, ಹೆಣ್ಣುಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಳ್ಳುವವರು, ಆರು ತಿಂಗಳಾದರೂ ಪಗಾರ ಕೊಡದವರು ಇರುವ ಕಡೆ ಯಾವ ಆರ್ಡರಿಗೂ ಕಾಯಬೇಡಿ. ಅಂಥ ಮನೆಯಿಂದ ಸಂಬಳದಾಳೂ ನಡುರಾತ್ರಿ ಎದ್ದು ಹೋಗುತ್ತಿದ್ದ. ರಾತ್ರಿ ನಿದ್ದೆ ಬರದಷ್ಟು ಮನಸ್ಸು ಕೆಟ್ಟಿದ್ದರೂ ಅಷ್ಟೇ. ಮಗನ ಜೀವಕ್ಕಿಂತ ಸೊಸೈಟಿಯ ಕಂತು ದೊಡ್ಡದೆನ್ನುವ ಮನೆಯನ್ನು ನಾನು ನೋಡಿಲ್ಲ. ಆದರೆ ಹೊರಡುವ ಮುನ್ನ ಮನೆಯಲ್ಲಿ ಹೇಳಿ. ನಮ್ಮ ಹುಡುಗರು ತಪ್ಪು ಮಾಡುವುದು ಇಲ್ಲಿಯೇ. ಕೆಲಸ ಬಿಟ್ಟು ಮೂರು ತಿಂಗಳು ಪಿಜಿಯಲ್ಲಿ ಕುಳಿತು, ಗೆಳೆಯರಲ್ಲಿ ಸಾಲ ಮಾಡಿ ಅದನ್ನೇ ಪಗಾರವೆಂದು ಊರಿಗೆ ಕಳಿಸುತ್ತಾರೆ. ಕೊನೆಗೆ ಸೂಟ್‌ಕೇಸು ಹೊತ್ತು ಬಂದಾಗ ಅಪ್ಪನಿಗೆ ಕೆಲಸ ಹೋದದ್ದಕ್ಕಿಂತ, ಮೂರು ತಿಂಗಳು ತನಗೆ ಹೇಳಲಿಲ್ಲವಲ್ಲ ಎಂಬುದು ಹೆಚ್ಚು ನೋಯುತ್ತದೆ.

ಆರ್ಡರ್ ಬಂದು, ರಾಜೀನಾಮೆ ಕೊಟ್ಟ ಮೇಲೆ ಉಳಿಯುವುದು ನೋಟಿಸಿನ ದಿನಗಳು. ಐಟಿಯಲ್ಲಿ ಅದು ಎಷ್ಟೋ ಕಡೆ 90 ದಿನ. ಹೊಸ ಕಡೆ ಅಷ್ಟು ಕಾಯುವುದಿಲ್ಲ, ಹಳೆಯ ಕಡೆ ಬಿಡುವುದಿಲ್ಲ. ಈ ಇಕ್ಕಟ್ಟಿಗೆ ಹೆದರಿಯೇ ಹುಡುಗರು ಮೊದಲು ರಾಜೀನಾಮೆ ಕೊಟ್ಟು ಆಮೇಲೆ ಹುಡುಕಲು ಹೊರಡುತ್ತಾರೆ. ಅವರನ್ನು ಬೈಯುವಷ್ಟೇ ಆ 90 ದಿನದ ಕರಾರನ್ನೂ ಬೈಯಬೇಕು. ತೆಗೆದುಹಾಕುವಾಗ ಒಂದೇ ಮೀಟಿಂಗಿನಲ್ಲಿ ಲ್ಯಾಪ್‌ಟಾಪ್ ಇಸಿದುಕೊಂಡು ಕಳಿಸುವವರಿಗೆ, ಬಿಡುವವನನ್ನು ಮೂರು ತಿಂಗಳು ಹಿಡಿದಿಡುವ ನ್ಯಾಯ ಎಲ್ಲಿಂದ ಬಂತು? ಒಂದು ತಿಂಗಳು ಸಾಕು. ಸೇರುವಾಗಲೇ ಈ ಕಲಮನ್ನು ಓದಿ, ಕಡಿಮೆ ಮಾಡಿ ಎಂದು ಕೇಳುವ ಬಾಯಿ ನಮ್ಮ ಹುಡುಗರಿಗೆ ಬರಬೇಕು.

ಹೊರಡುವ ದಿನ ಕೈಯಲ್ಲಿರಬೇಕಾದವು: ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಪಗಾರದ ಸ್ಲಿಪ್ಪುಗಳು, ಪಿಎಫ್ ನಂಬರು. ಪಿಎಫ್ ರೊಕ್ಕ ಬಿಡಿಸಿಕೊಳ್ಳದೆ ಅದೇ ನಂಬರಿನಡಿ (ಯುಎಎನ್) ಹೊಸ ಕಡೆಯ ಖಾತೆಗೆ ವರ್ಗ ಮಾಡಿಸಿದರೆ ಸೇವೆಯೂ ಮುಂದುವರಿಯುತ್ತದೆ. ಗ್ರ್ಯಾಚುಯಿಟಿಯನ್ನು ಮೂವತ್ತು ದಿನದೊಳಗೆ ಕೊಡಬೇಕು. ಕೊಡದಿದ್ದರೆ, ಇಲ್ಲವೇ ಪಗಾರ ಹಿಡಿದಿಟ್ಟರೆ, ಕಾರ್ಮಿಕ ಇಲಾಖೆಯ ಕಚೇರಿ ಗದಗಿನಲ್ಲಿದೆ. ವಕೀಲರಿಲ್ಲದೆಯೂ ಅಲ್ಲಿ ಅರ್ಜಿ ಕೊಡಬಹುದು. ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಂಡೇ ಬನ್ನಿ.